ಪರರ ಕಂದನಿಗೆ ಹಾಲೂಡುವ ತಾಯಂದಿರು

ಈ ತಿಂಗಳ ನಮ್ಮ ಮಾತಿಗೆ ಕಾರಣವಾದುದು ನಮ್ಮ ಕೊಟ್ಟಿಗೆಯ ಒಂದು ತಬ್ಬಲಿ ಕರು. ಕಳೆದ ಮಾಘಮಾಸದಲ್ಲಿ ನಮ್ಮ ಮನೆಯ ಹಸುವೊಂದು ಕರುಹಾಕಿದ ಐದನೆಯ ದಿನ ಜ್ವರ ಹತ್ತಿ ತೀರಿಕೊಂಡಿತು. ಉಳಿದುದು ಕಾಲನ್ನು ನೆಟ್ಟಗೆ ಊರಲಾರದ ಒಂದು ಹೆಣ್ಣುಕರು. ಬಾಟಲಿಯಲ್ಲಿ ಹಾಲು ಕುಡಿಸಿ ನೋಡಿದೆವು. ಅದು ಒಗ್ಗದೆ ಕರುವಿಗೆ ಭೇದಿಯಾಗಿ, ಮೂರು ದಿನಗಳಲ್ಲಿ ಪಕ್ಕೆಲುಬುಗಳನ್ನು ಎಣಿಸುವಂತಾಯಿತು. ಅದೇ ಕೊಟ್ಟಿಗೆಯಲ್ಲಿ ಗೌರಿ ಎಂಬ ಇನ್ನೊಂದು ಹಸುವಿತ್ತು. ಅದು ಈದು ಇಪ್ಪತ್ತು ದಿನಗಳಾಗಿದ್ದುವು, ಹಾಲು ಬೇಕಾದಷ್ಟಿತ್ತು, ಮಕ್ಕಳು ಕೊರಳನ್ನು ತಬ್ಬಿದರೂ ಸುಮ್ಮನಿರುವ ಸಾಧುಪ್ರಾಣಿ. ತಬ್ಬಲಿಯನ್ನು ಅದರ ಬಳಿಗೆ ಒಯ್ದು ನಿಲ್ಲಿಸಿದೆವು. ಗೌರಿ ಒಮ್ಮೆ ಮೂಸಿತು. ಮರುಕ್ಷಣವೇ ಕೊಂಬನ್ನು ತಗ್ಗಿಸಿ ಕರುವನ್ನು ಗೋಡೆಗೆ ಒತ್ತಿತು. ಎರಡನೆಯ ಸಲ ಕಾಲಿನಿಂದ ಝಾಡಿಸಿತು. ನಮ್ಮ ಮನೆಯ ಎಂಟು ವರ್ಷದ ಹುಡುಗಿ ಆಗತಾನೆ ಶಾಲೆಯಲ್ಲಿ ಗೋವಿನ ಹಾಡನ್ನು ಕಲಿತು ಬಂದಿದ್ದಳು. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ಅಳುದನಿಯಲ್ಲಿ, “ತಾತ, ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೋಯಿತಲ್ಲ, ಆ ಹಸುಗಳೂ ಹೀಗೆಯೇ ಒದೆಯುತ್ತಿದ್ದವೆ?” ಎಂದು ಕೇಳಿದಳು.

ನಾವು ಆಗ ಏನೋ ಒಂದು ಸಮಾಧಾನ ಹೇಳಿ ಕಳುಹಿಸಿದೆವು. ಆದರೆ ಪ್ರಶ್ನೆ ಮನಸ್ಸಿನಲ್ಲಿಯೇ ಉಳಿಯಿತು. ಯೋಚಿಸಿ ನೋಡಿದರೆ ಆ ಹಾಡನ್ನು ಕಟ್ಟಿದವರು ದನಗಳ ಸ್ವಭಾವವನ್ನು ಚೆನ್ನಾಗಿ ಬಲ್ಲವರೆಂದೇ ಹೇಳಬೇಕು. ಪುಣ್ಯಕೋಟಿಯು ತನ್ನ ಒಡನಾಡಿಗಳಲ್ಲಿ ಬೇಡಿಕೊಳ್ಳುವುದು ಮೊದಲು ಹಾಲನ್ನಲ್ಲ. ಕೊಂಬಿಗೂ ಕಾಲಿಗೂ ಆ ಕಂದನನ್ನು ಗುರಿಮಾಡಬೇಡಿರೆಂದು. ಇತರ ತಾಯಂದಿರು ಏನು ಮಾಡಿಯಾರೆಂಬುದು ಅದಕ್ಕೆ ತಿಳಿದಿತ್ತು. ಕರುವಿಗೂ ತಿಳಿದಿತ್ತು, ಇನ್ನು ಮೇಲೆ ತನಗೆ ಯಾರ ಹಾಲು ಗತಿಯೆಂದೇ ಅದು ಮೊದಲು ಕೇಳುವುದು.

ಸಾಕಿದ ಹಸುವಿನ ಮಾತು ಹೀಗಾಯಿತು. ಮನುಷ್ಯನ ಸಹವಾಸವಿಲ್ಲದ ಕಾಡಿನ ಗೊರಸುಳ್ಳ ಪ್ರಾಣಿಗಳಲ್ಲಿ, ಅಂದರೆ ಜಿಂಕೆ, ಕಾಡುಹಂದಿ, ಜಿರಾಫೆ ಮೊದಲಾದುವುಗಳಲ್ಲಿ ಏನು ನಡೆಯುತ್ತದೆ? ಅಲ್ಲಿ ತಾಯಿ ಸತ್ತ ಮರಿಗೆ ಬೇರೊಬ್ಬ ತಾಯಿ ಹಾಲೂಡುವಳೆ? ಪ್ರಾಣಿಶಾಸ್ತ್ರಜ್ಞರು ಇದನ್ನು ಅರ್ಧ ಶತಮಾನಕ್ಕೂ ಮೇಲ್ಪಟ್ಟು ನೋಡುತ್ತ ಬಂದಿದ್ದಾರೆ. (ಆನೆಯ ಮಾತನ್ನು ನಾವು ಇಲ್ಲಿ ಎತ್ತುವುದಿಲ್ಲ, ಅದಕ್ಕೆ ಉಗುರುಗಳುಂಟಲ್ಲದೆ ಗೊರಸಿಲ್ಲ, ಅದರ ಸಂಸಾರವೂ ಬೇರೆಯ ಬಗೆಯದು.)

ಮೊದಲು ಹೇಳಬೇಕಾದುದು ಕಹಿಯಾದ ಮಾತು. ಬಹುಮಟ್ಟಿಗೆ ಊಡುವುದಿಲ್ಲ. ಪೂರ್ವ ಆಫ್ರಿಕದ ಸೆರೆಂಗೆಟಿ ಬಯಲಿನಲ್ಲಿಯೂ ಪಕ್ಕದ ಗೊರೊಂಗೊರೊ ಎಂಬ ಬೆಟ್ಟದ ಬಟ್ಟಲಿನಲ್ಲಿಯೂ ವಿಲ್ಡೆಬೀಸ್ಟ್ ಎಂಬ ಗಡ್ಡದ ಮೃಗಗಳು ದೊಡ್ಡ ಮಂದೆಗಳಾಗಿ ಮೇಯುತ್ತವೆ. ಅವುಗಳನ್ನು ಬಹುಕಾಲ ನೋಡಿದ ರಿಚರ್ಡ್ ಎಸ್ಟಿಸ್ ಎಂಬ ಅಮೆರಿಕದ ವಿದ್ವಾಂಸರು ಬರೆದಿರುವಂತೆ, ವರ್ಷದ ಕರುಗಳಲ್ಲಿ ಶೇಕಡ 80ರಷ್ಟು ಎರಡು ಮೂರು ವಾರಗಳೊಳಗಾಗಿಯೇ ಹುಟ್ಟುತ್ತವೆ. ಹೀಗೆ ಒಟ್ಟಿಗೆ ಹುಟ್ಟುವುದರಿಂದ ಕತ್ತೆಕಿರುಬಗಳು ತಿಂದು ಮುಗಿಸಲಾರದಷ್ಟು ಕರುಗಳಾಗಿ, ಉಳಿದುವು ಬದುಕಿಕೊಳ್ಳುತ್ತವೆ. ಹುಟ್ಟಿದ ಕರು ಹತ್ತು ನಿಮಿಷದೊಳಗೆ ಎದ್ದು ನಿಲ್ಲುತ್ತದೆ. ನಿಂತ ಮೇಲೆ ತಾಯಿಯ ಬೆನ್ನುಹತ್ತಿ ಓಡುವುದೇ ಅದರ ಕೆಲಸ. ಗದ್ದಲದಲ್ಲಿ ತಾಯಿ ತಪ್ಪಿತೆಂದರೆ ಆ ಕರುವಿನ ಪಾಡು ನೋಡತಕ್ಕದ್ದಲ್ಲ. ಅದು ಚಲಿಸುವ ಏನನ್ನು ಕಂಡರೂ ತಾಯಿಯೆಂದು ಬಗೆದು ಹೋಗುತ್ತದೆ; ಮೋಟಾರುಗಾಡಿಯ ಹಿಂದೆ ಹೋಗುತ್ತದೆ, ಕತ್ತೆಕಿರುಬದ ಬಳಿಗೂ ಹೋಗುತ್ತದೆ. ಸುತ್ತಲೂ ಕೆಚ್ಚಲು ತುಂಬಿದ ನೂರಾರು ತಾಯಂದಿರಿದ್ದರೂ ಅವು ಅದನ್ನು ಮೂಸಿ, ಕೊಂಬಿನಿಂದ ತಳ್ಳಿ, ತಮ್ಮ ಕರುಗಳ ಕಡೆಗೆ ತಿರುಗಿಕೊಳ್ಳುತ್ತವೆ.

ಇದನ್ನು ಕೇಳಿದ ಸೋದರಿಯರಿಗೆ ಆ ತಾಯಂದಿರು ಕಟುಕರೆಂದು ತೋರಬಹುದು. ಹಾಗೆ ತೀರ್ಮಾನಿಸುವ ಮುನ್ನ ಎರಡು ಸಂಗತಿಗಳನ್ನು ಕೇಳಬೇಕು.

ಮೊದಲನೆಯದು ಮೂಗಿನ ವಿಷಯ. ಗೊರಸಿನ ಪ್ರಾಣಿಗೆ ತನ್ನ ಮರಿಯೆಂಬುದು ರೂಪದಿಂದಲ್ಲ, ವಾಸನೆಯಿಂದ ನಿಶ್ಚಯವಾಗುವುದು. 1964ರಲ್ಲಿ ಪೀಟರ್ ಕ್ಲಾಪ್ಫರ್ ಮತ್ತು ಅವರ ಜೊತೆಯವರು ಆಡುಗಳ ಮೇಲೆ ಮಾಡಿದ ಪರೀಕ್ಷೆ ಪ್ರಸಿದ್ಧವಾಗಿದೆ. ಈದ ಕೂಡಲೆ ಐದೇ ನಿಮಿಷ ಮರಿಯನ್ನು ನೆಕ್ಕಲು ಬಿಟ್ಟು, ಅನಂತರ ಬೇರೆಮಾಡಿ, ಕೆಲವು ಗಂಟೆಗಳ ಮೇಲೆ ತಂದು ಬಿಟ್ಟರೆ ತಾಯಿ ಅದನ್ನು ಒಪ್ಪುತ್ತಿತ್ತು. ಆ ಐದು ನಿಮಿಷವನ್ನು ಕೊಡದೆ ಮೊದಲೇ ಬೇರೆಮಾಡಿದರೆ, ಅದೇ ಹೊಟ್ಟೆಯಲ್ಲಿ ಹುಟ್ಟಿದ ಮರಿಯನ್ನೂ ಬಹುಮಟ್ಟಿಗೆ ಪರರದೆಂದು ಹಾಯುತ್ತಿತ್ತು. ಕುರಿಗಳಲ್ಲಿ ಈ ಬಾಗಿಲು ತುಸು ಹೆಚ್ಚು ಹೊತ್ತು, ಒಂದೆರಡು ಗಂಟೆಯ ಕಾಲ, ತೆರೆದಿರುತ್ತದೆ. ಪ್ರಸವಕಾಲದಲ್ಲಿ ಗರ್ಭದ್ವಾರದ ನರಗಳಿಗೆ ಆಗುವ ಒತ್ತಡವೇ ಈ ಬಾಗಿಲನ್ನು ತೆರೆಯುವ ಕೀಲಿಕೈ ಎಂಬುದನ್ನು ಕೆವರ್ನ್ ಮೊದಲಾದವರು 1983ರಲ್ಲಿ ತೋರಿಸಿಕೊಟ್ಟರು. ಕೃತಕವಾಗಿ ಆ ಒತ್ತಡವನ್ನು ಉಂಟುಮಾಡಿದರೆ, ಅದಾಗಲೇ ತನ್ನ ಮರಿಯನ್ನು ಗುರುತಿಟ್ಟುಕೊಂಡ ಕುರಿ ಕೂಡ ಹೊಸ ಮರಿಯೊಂದನ್ನು ನೆಕ್ಕಿ ಹಾಲಿಗೆ ಬಿಡುವುದು. ನಮ್ಮ ಗೌರಿಗಾದರೋ ಬಾಗಿಲು ಮುಚ್ಚಿ ಇಪ್ಪತ್ತು ದಿನಗಳಾಗಿದ್ದುವು. ಅದರ ಸಾಧುತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯದು ಹಾಲಿನ ಬೆಲೆ. ಅಂಗಡಿಯ ಬೆಲೆಯಲ್ಲ; ಹೆತ್ತವಳು ತೆರುವ ಬೆಲೆ. ಹೊಟ್ಟೆಯಲ್ಲಿ ಹೊರುವುದಕ್ಕಿಂತ ಹಾಲೂಡುವುದೇ ತಾಯಿಯ ಮೈಯನ್ನು ಹೆಚ್ಚು ಸವೆಸುವುದು. ಸ್ಕಾಟ್ಲೆಂಡಿನ ರಮ್ ಎಂಬ ದ್ವೀಪದಲ್ಲಿ ಕೆಂಪು ಜಿಂಕೆಗಳನ್ನು ಒಂದೊಂದಾಗಿ ಗುರುತು ಹಿಡಿದು, ಹುಟ್ಟಿದಂದಿನಿಂದ ಸಾಯುವವರೆಗೆ ಲೆಕ್ಕವಿಡುವ ಕೆಲಸವು ಬಹುಕಾಲದಿಂದ ನಡೆದಿದೆ. 1989ರಲ್ಲಿ ಕ್ಲಟನ್-ಬ್ರಾಕ್ ಎಂಬವರೂ ಅವರ ಸಹೋದ್ಯೋಗಿಗಳೂ ಆ ಲೆಕ್ಕದಿಂದ ತೆಗೆದ ನಿರ್ಣಯವಿದು: ಮರಿಗೆ ಚಳಿಗಾಲದವರೆಗೂ ಹಾಲೂಡಿದ ಜಿಂಕೆಯು ಆ ಚಳಿಗಾಲದಲ್ಲಿ ತಾನೇ ಸಾಯುವ ಸಂಭವ ಹೆಚ್ಚು, ಉಳಿದರೂ ಮರುವರ್ಷ ಅದು ಈಯುವ ಸಂಭವ ಕಡಿಮೆ. ಮರಿಯನ್ನು ಹೊತ್ತು ಹೆತ್ತು, ಅದು ಬೇಗನೆ ಸತ್ತುಹೋದ ಜಿಂಕೆಗೆ ಇಷ್ಟು ತೊಂದರೆಯಿಲ್ಲ. ಹೀಗಿರುವಾಗ ಕಾಡಿನ ತಾಯಿಯೊಂದು ಪರರ ಮರಿಗೆ ಕೆಚ್ಚಲನ್ನು ಬಿಟ್ಟುಕೊಟ್ಟರೆ ಅದು ಕೊಡುವುದು ಮಿಕ್ಕುದನ್ನಲ್ಲ. ತನ್ನ ಮುಂದಿನ ಚಳಿಗಾಲವನ್ನೂ ಸ್ವಂತ ಮರಿಯ ಪಾಲನ್ನೂ.

ಇದರೊಡನೆ ಗಿಣ್ಣುಹಾಲಿನ ಸಂಗತಿಯೊಂದುಂಟು. ಮನುಷ್ಯರಲ್ಲಿ ರೋಗವನ್ನು ತಡೆಯುವ ಸತ್ತ್ವವು ತಾಯಿಯ ರಕ್ತದಿಂದ ಗರ್ಭದಲ್ಲಿಯೇ ಶಿಶುವಿಗೆ ಬರುತ್ತದೆ. ಹಸು, ಕುರಿ, ಜಿಂಕೆ, ಹಂದಿಗಳಲ್ಲಿ ಹಾಗಿಲ್ಲ. ಅದು ಬರುವುದೆಲ್ಲ ಗಿಣ್ಣಿನಲ್ಲಿ, ಅದೂ ಹುಟ್ಟಿದ ಸುಮಾರು ಒಂದು ದಿನದೊಳಗೆ. ಆಮೇಲೆ ಕರುವಿನ ಕರುಳು ಅದನ್ನು ಹೀರಿಕೊಳ್ಳಲಾರದು. ಆದುದರಿಂದ ನಮ್ಮ ಮನೆಗಳಲ್ಲಿ ಗಿಣ್ಣನ್ನು ಬೆಲ್ಲಹಾಕಿ ಕಾಯಿಸುವ ಮುನ್ನ ಕರುವಿನ ಹೊಟ್ಟೆ ತುಂಬಿತೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ತಬ್ಬಲಿಯು ತಾಯಿಯ ಗಿಣ್ಣನ್ನು ಕುಡಿದಿತ್ತು; ಅದು ಉಳಿದುದಕ್ಕೆ ಅರ್ಧ ಕಾರಣ ಅದೇ ಇರಬೇಕೆಂದು ಈಗ ನಮಗೆ ತೋರುತ್ತದೆ.

ಇಷ್ಟೆಲ್ಲ ಇದ್ದರೂ ಪರರ ಮರಿಗೆ ಹಾಲೂಡುವುದು ಕಾಡಿನಲ್ಲಿ ಇಲ್ಲದುದಲ್ಲ, ಆಶ್ಚರ್ಯವಿರುವುದು ಅಲ್ಲಿಯೇ. 1992ರಲ್ಲಿ ಕ್ರೇಗ್ ಪ್ಯಾಕರ್, ಸೂಸನ್ ಲೂಯಿಸ್, ಆನ್ ಪ್ಯೂಸಿ ಎಂಬ ಮೂವರು, ಗೊರಸಿನವು ಮಾತ್ರವಲ್ಲದೆ ಹಾಲೂಡುವ ಪ್ರಾಣಿಗಳಲ್ಲಿ ನೂರರಷ್ಟು ಜಾತಿಗಳ ವಿವರಗಳನ್ನು ಕಲೆಹಾಕಿ ಹೋಲಿಸಿದರು. ಒಂದು ಸೂಲಿಗೆ ಹಲವು ಮರಿಗಳನ್ನು ಹಾಕುವ ಪ್ರಾಣಿಗಳಲ್ಲಿ ಈ ವಾಡಿಕೆ ಹೆಚ್ಚು. ಒಂದೇ ಮರಿಯನ್ನು ಹಾಕುವ ಪ್ರಾಣಿಗಳಲ್ಲಿ ಅಪರೂಪ, ಅದೂ ಬಹುಮಟ್ಟಿಗೆ ಕಳವಿನ ರೂಪದಲ್ಲಿ. ಹಾಗೆಯೇ, ಬೇಲಿಯೊಳಗೆ ಕೂಡಿಹಾಕಿದ ಪ್ರಾಣಿಗಳಲ್ಲಿ ಕಾಣುವಷ್ಟು ಬಯಲಿನವುಗಳಲ್ಲಿ ಕಾಣುವುದಿಲ್ಲ.

ಕಳವು ಎಂಬ ಮಾತು ನಮ್ಮದಲ್ಲ, ಶಾಸ್ತ್ರಜ್ಞರದೇ. ಹಾಲುಗಳ್ಳತನವೆಂದೇ ಅವರು ಹೆಸರಿಟ್ಟಿದ್ದಾರೆ. ಅದು ನಡೆಯುವ ಬಗೆಯನ್ನು ಕೇಳಿದರೆ ನಗು ಬರುತ್ತದೆ. ಸ್ವಂತ ಮರಿಯು ತಾಯಿಯ ಪಕ್ಕಕ್ಕೆ ಬಂದು, ತನ್ನ ಬಾಲದ ಕಡೆಯನ್ನು ತಾಯಿಯ ಮುಖದತ್ತ ಮಾಡಿ ಕುಡಿಯುತ್ತದೆ. ತಾಯಿ ಕತ್ತು ತಿರುಗಿಸಿ ಅದರ ಬಾಲದ ಬುಡವನ್ನು ಮೂಸಿ, ಇದು ನನ್ನದೇ ಎಂದು ನೆಮ್ಮದಿಯಾಗಿ ನಿಲ್ಲುತ್ತದೆ. ಕಳ್ಳಮರಿ ಹಾಗೆ ಬರುವುದಿಲ್ಲ. ಒಡೆಯನ ಮರಿ ಕುಡಿಯಲು ತೊಡಗುವವರೆಗೆ ಕಾದಿದ್ದು, ಹಾಲು ಇಳಿದ ಮೇಲೆ, ಮೂಗಿಗೆ ಎಟುಕದಂತೆ ತಾಯಿಯ ಹಿಂಗಾಲುಗಳ ನಡುವೆ ತಲೆಯನ್ನು ತೂರಿಸುತ್ತದೆ. ತಾಯಿಗೆ ಸಿಗುವುದು ಒಂದೇ ವಾಸನೆ, ಬರಿದಾಗುವ ಮೊಲೆಗಳು ಹೆಚ್ಚು.

ಎಮ್ಮೆಗಳಲ್ಲಿ ಇದನ್ನು ಬ್ರೆಜಿಲ್ ದೇಶದಲ್ಲಿ ನೋಡಿ ಬರೆದಿದ್ದಾರೆ. ಅವು ಸಾಕಿದ ಹಿಂಡುಗಳಾದರೂ ಬಯಲಿನಲ್ಲಿ ಒಟ್ಟಾಗಿ ಮೇಯುವುವು. ಇಂಡಿಯಾದ ನೀರೆಮ್ಮೆಯ ಕುಲದವೇ ಆದುದರಿಂದ ನಮಗೆ ನೆಂಟರೆಂದೇ ಹೇಳಬಹುದು. 1995ರಲ್ಲಿ ಪ್ರಕಟವಾದ ಆ ಲೇಖನದ ತಲೆಬರಹವೇ ಒಂದು ಪ್ರಶ್ನೆ: ಇದು ಸ್ವಜನ ಪಕ್ಷಪಾತವೋ, ಅಸಾಮರ್ಥ್ಯವೋ, ಕಳ್ಳತನವೋ? ಅಂದರೆ ತಂಗಿಯ ಕರು, ಮಗಳ ಕರು ಎಂದು ಹಾಲು ಕೊಡುವುದೋ, ತನ್ನದಾವುದು ಪರರದಾವುದು ಎಂದು ತಿಳಿಯದೆ ಕೊಡುವುದೋ, ಅಥವಾ ಕೊಡದಿದ್ದರೂ ಕಿತ್ತುಕೊಂಡು ಹೋಗುವುದೋ ಎಂದು. ದಕ್ಷಿಣ ಅಮೆರಿಕದ ಗ್ವಾನಾಕೊ ಎಂಬ ಒಂಟೆಯ ಕುಲದ ಪ್ರಾಣಿಯ ಮೇಲೆ 2009ರಲ್ಲಿ ಬಂದ ಲೇಖನವೊಂದಕ್ಕೂ ಹೆಚ್ಚುಕಡಿಮೆ ಇದೇ ಪ್ರಶ್ನೆಯೇ ತಲೆಬರಹ. ವಿದ್ವಾಂಸರು ಇಷ್ಟು ಸಲ ಒಂದೇ ಪ್ರಶ್ನೆಯನ್ನು ಕೇಳುವುದಾದರೆ ಉತ್ತರವೂ ಒಂದೇ ಅಲ್ಲವೆಂದು ಊಹಿಸಬಹುದು.

ಜಿರಾಫೆಯ ಮಾತು ಇದಕ್ಕೆ ನಿದರ್ಶನ. ಹದಿನೈದು ತಿಂಗಳು ಹೊತ್ತು ಒಂದೇ ಮರಿಯನ್ನು ಹೆರುವ ಈ ಪ್ರಾಣಿಯಲ್ಲಿ ತಾಯಂದಿರು ಮರಿಗಳನ್ನು ಒಂದೆಡೆ ಕೂಡಿಸಿ, ಮೇಯಲು ದೂರ ಹೋಗಿಬರುವುದುಂಟು. ನೋಡುವವರಿಗೆ ನಮ್ಮ ಬಾಲವಾಡಿಯ ಹಾಗೆಯೇ ತೋರುವುದು. ಹಾಗೆಂದು ಅಲ್ಲಿ ಯಾರ ಮರಿಗೆ ಯಾರು ಬೇಕಾದರೂ ಹಾಲು ಕೊಡುವರೆಂದು ತಿಳಿಯಬಾರದು. ಚೆಕ್ ದೇಶದ ಮೃಗಾಲಯಗಳಲ್ಲಿ ನೋಡಿ 2016ರಲ್ಲಿ ಪ್ರಕಟಿಸಿದ ಒಂದು ವ್ಯಾಸಂಗದಲ್ಲಿ, ಪರರ ಹಾಲು ಕುಡಿಯುವುದು ಅವುಗಳಲ್ಲಿ ತೀರ ಸಾಮಾನ್ಯವೆಂದು ಕಂಡುಬಂದಿತು. ಮರಿಗಳ ಕಳವೂ ಉಂಟು, ತಾಯಂದಿರು ಒಬ್ಬರ ಮರಿಗೆ ಮತ್ತೊಬ್ಬರು ಕೊಟ್ಟು ತೀರಿಸಿಕೊಳ್ಳುವುದೂ ಉಂಟು. ಟಾಂಜಾನಿಯದ ಕಟಾವಿ ಎಂಬ ರಕ್ಷಿತಾರಣ್ಯದಲ್ಲಿಯೂ ಜಪಾನಿನ ವಿದ್ವಾಂಸರು ಜಿರಾಫೆಗಳ ಹಾಲೂಡಿಕೆಯನ್ನು ನೋಡಿ 2018ರಲ್ಲಿ ಬರೆದಿದ್ದಾರೆ. ಮೃಗಾಲಯದ ತಾಯಿಗೆ ಹೊತ್ತುಹೊತ್ತಿಗೆ ಮೇವು ಸಿಕ್ಕುತ್ತದೆ, ಸಿಂಹದ ಭಯವಿಲ್ಲ. ಅದರ ಧಾರಾಳವನ್ನು ಕಾಡಿನ ತಾಯಿಯ ಧಾರಾಳದೊಡನೆ ತೂಗುವುದು ನ್ಯಾಯವಲ್ಲ.

ಹಾಗಾದರೆ ಕಳವೂ ಅಲ್ಲದೆ, ಬೇಲಿಯೂ ಇಲ್ಲದೆ, ತಾನಾಗಿ ಒಪ್ಪಿ ಹಾಲೂಡುವ ತಾಯಿ ಕಾಡಿನಲ್ಲಿ ಇಲ್ಲವೆ? ಇದೆ. ಅದನ್ನು ಕಾಣಲು ಚೆಲುವಾದ ಜಿಂಕೆಯನ್ನಲ್ಲ, ಕುರೂಪಕ್ಕೆ ಹೆಸರಾದ ಹಂದಿಯನ್ನು ನೋಡಬೇಕು. ಆಫ್ರಿಕದಲ್ಲಿ ವಾರ್ಟ್‌ಹಾಗ್ ಎಂಬ ಒಂದು ಕಾಡುಹಂದಿಯಿದೆ. ಅದರ ಮುಖದ ಮೇಲೆ ದಪ್ಪನೆಯ ಗಂಟುಗಳು, ಮೇಲಕ್ಕೆ ಬಾಗಿದ ಕೋರೆಗಳು. ಓಡುವಾಗ ಬಾಲವನ್ನು ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲಿಸಿಕೊಳ್ಳುವುದು. ಹೆಣ್ಣುಹಂದಿಗೆ ನಾಲ್ಕೇ ಮೊಲೆಗಳು. ಈಯುವ ಕಾಲಕ್ಕೆ ಅದು ತನ್ನವರಿಂದ ಬೇರೆಯಾಗಿ, ಇರುವೆಗಳನ್ನು ತಿನ್ನುವ ಬೇರೊಂದು ಪ್ರಾಣಿ ತೋಡಿ ಬಿಟ್ಟ ಬಿಲವನ್ನು ಸೇರುತ್ತದೆ. ಮರಿಗಳು ಹೊರಗೆ ಬರುವಷ್ಟಾದ ಮೇಲೆ ತಾಯಿ, ಬೆಳೆದ ಮಗಳು, ಅಕ್ಕ, ತಂಗಿ ಹೀಗೆ ಹತ್ತಿರದ ಹೆಂಗಸರೇ ಮತ್ತೆ ಕೂಡಿ ಬಾಳುವುದುಂಟು. ಅಂಥ ಕುಟುಂಬಗಳಲ್ಲಿ ಒಬ್ಬಳ ಮರಿ ಇನ್ನೊಬ್ಬಳ ಹಾಲನ್ನು ಕುಡಿಯುವುದನ್ನೂ, ತನ್ನ ಮರಿಗಳನ್ನು ಕಳೆದುಕೊಂಡ ತಾಯಿ ಬೇರೆಯವಳ ಮರಿಗಳಿಗೆ ಹಾಲೂಡುವುದನ್ನೂ ಕಂಡಿದ್ದಾರೆ. ಹೀಗೆ ಊಡುವುದರಲ್ಲಿ ತಾಯಿಯ ವಯಸ್ಸಿಗೂ ಸಂಬಂಧವುಂಟೆಂದು 1999ರ ಒಂದು ವ್ಯಾಸಂಗ ತೋರಿಸಿದೆ. ಅಮೆರಿಕದ ಅರಿಜೋನ ಸೀಮೆಯ ಪೆಕರಿ ಎಂಬ ಹಂದಿಯಂಥ ಪ್ರಾಣಿಯಲ್ಲಿಯೂ 1981ರಲ್ಲಿ ಬಯರ್ಸ್, ಬೆಕಾಫ್ ಎಂಬಿಬ್ಬರು ಇಂಥದೇ ಕೂಡುಬಾಳನ್ನು ವರ್ಣಿಸಿದರು.

ಇದರ ಒಳಗಿನ ಲೆಕ್ಕವು ನಮ್ಮ ಕೂಡುಕುಟುಂಬಗಳ ಸೋದರಿಯರಿಗೆ ಬಿಡಿಸಿ ಹೇಳಬೇಕಾದುದಲ್ಲ. ತಂಗಿಯ ಮರಿಯಲ್ಲಿ ತನ್ನ ರಕ್ತದ ಪಾಲೂ ಇದೆ. ಅದು ಉಳಿದರೆ ತನ್ನ ವಂಶವೂ ಅಷ್ಟರಮಟ್ಟಿಗೆ ಉಳಿಯಿತು. ಅದಲ್ಲದೆ ಹಲವು ಮರಿಗಳಿರುವಲ್ಲಿ ಒಂದು ಹೆಚ್ಚಾದರೆ ಹೊರೆ ಅಷ್ಟಾಗಿ ತಿಳಿಯದು. ಒಂದೇ ಮರಿಯ ತಾಯಿಗಾದರೋ ಇನ್ನೊಂದು ಬಂದರೆ ಹೊರೆ ಇಮ್ಮಡಿಯಾದಂತೆಯೇ.

ಬಂಧುತ್ವವಿಲ್ಲದಿದ್ದರೂ ಕೊಟ್ಟು ಕೊಳ್ಳುವುದು ಸಾಧ್ಯವೆಂಬುದಕ್ಕೆ ಹಿಮಸಾರಂಗಗಳು ಸಾಕ್ಷಿ. ಫಿನ್ಲೆಂಡಿನ ಉತ್ತರದಲ್ಲಿ ಅರ್ಧ ಸಾಕಿದ, ಅರ್ಧ ಕಾಡಿನ ಸಾರಂಗಗಳನ್ನು ನೋಡಿದವರು 2015ರಲ್ಲಿ ಬರೆದಿರುವ ಪ್ರಕಾರ, ತನ್ನ ಮರಿಗೆ ಹಾಲು ಕೊಟ್ಟವಳ ಮರಿಗೆ ತಾನೂ ಹಾಲು ಕೊಡುವ ತಾಯಂದಿರಿದ್ದಾರೆ. ನೆರೆಮನೆಗೆ ಕೊಟ್ಟ ಬಟ್ಟಲು ಬರಿದಾಗಿ ಹಿಂದಿರುಗಬಾರದೆಂಬ ನಮ್ಮ ಹೆಂಗಸರ ಕಟ್ಟಳೆ ಅಲ್ಲಿಗೂ ತಲಪಿದಂತಿದೆ. ಮತ್ತೊಂದು ಕಡೆ, ಬೇಲಿಯೊಳಗೆ ಸಾಕಿದ ಕೆಂಪು ಜಿಂಕೆಗಳಲ್ಲಿ ಬಾರ್ಟೋಷ್ ಮೊದಲಾದ ಚೆಕ್ ವಿದ್ವಾಂಸರು 2001ರಲ್ಲಿ ಕಂಡುದು ಇದಕ್ಕಿಂತ ಮರುಕಹುಟ್ಟಿಸುವ ಸಂಗತಿ. ಪರರ ಕೆಚ್ಚಲುಗಳನ್ನು ಅರಸಿ ತಿರುಗುವ ಮರಿಗಳು ಎರಡು ಮನೆಯ ಊಟ ಮಾಡಿ ಕೊಬ್ಬಿದುವಲ್ಲ. ತಾಯಿಯ ಹಾಲು ಸಾಲದೆ ಹಿಂದೆ ಬಿದ್ದುವು. ಹೊಟ್ಟೆ ತುಂಬಿದ ಮರಿಯು ಒದೆ ತಿನ್ನಲು ಹೋಗುವುದಿಲ್ಲ.

ಕುರುಬರಿಗೆ ಇವೆಲ್ಲ ಪುಸ್ತಕಕ್ಕೆ ಮುಂಚೆಯೇ ಗೊತ್ತಿತ್ತು. ಮರಿ ಸತ್ತ ಕುರಿಗೆ ತಬ್ಬಲಿಮರಿಯೊಂದನ್ನು ಅಂಟಿಸಬೇಕಾದರೆ, ಸತ್ತ ಮರಿಯ ತೊಗಲನ್ನು ಸುಲಿದು ತಬ್ಬಲಿಗೆ ಅಂಗಿಯಂತೆ ತೊಡಿಸುವುದು ನಾನಾ ದೇಶಗಳಲ್ಲಿ ನಡೆದುಬಂದ ಉಪಾಯ. ನಾಲ್ಕಾರು ದಿನಗಳಲ್ಲಿ ತನ್ನ ಹಾಲಿನ ವಾಸನೆಯೇ ಮರಿಯ ಮೈಯಿಂದ ಬರತೊಡಗುವುದರಿಂದ ತಾಯಿ ಮೋಸವನ್ನು ಮರೆಯುತ್ತದೆ, ಅಂಗಿಯನ್ನು ಕಳಚಬಹುದು. ನಮ್ಮವರು ಕರು ಸತ್ತ ಹಸುವಿನ ಮುಂದೆ ಹುಲ್ಲು ತುಂಬಿದ ಕರುವನ್ನು ನಿಲ್ಲಿಸುವುದೂ ಇದೇ ಜಾತಿಯದು. ಆದರೆ ಅಲ್ಲಿ ಹಾಲು ತಬ್ಬಲಿಗಲ್ಲ, ನಮ್ಮ ಚೆಂಬಿಗೆ.

ನಮ್ಮ ತಬ್ಬಲಿಗೆ ಯಾರೂ ಅಂಗಿ ತೊಡಿಸಲಿಲ್ಲ. ಗೌರಿಯ ಕರು ಬದುಕಿತ್ತಷ್ಟೆ. ಗೌರಿಯ ಹಾಲನ್ನು ಕರೆದು, ನೀರು ಬೆರೆಸಿ, ಬೆರಳಿನಿಂದ ಚೀಪಿಸುತ್ತ ಇನ್ನು ಆರು ದಿನ ಕಳೆದೆವು. ಏಳನೆಯ ಬೆಳಗ್ಗೆ ಗೌರಿಯ ಕರುವನ್ನು ಬಿಚ್ಚಿದಾಗ ತಬ್ಬಲಿಯ ಹಗ್ಗವೂ ಹೇಗೋ ಕಳಚಿತ್ತು. ಅದು ಮೂಲೆಯಲ್ಲಿ ಅಲುಗದೆ ನಿಂತು ನೋಡಿತು. ಗೌರಿಯ ಕರು ನಾಲ್ಕು ಸಲ ಕೆಚ್ಚಲನ್ನು ಗುದ್ದಿ, ಬಾಯಂಚಿನಲ್ಲಿ ನೊರೆ ಕಾಣಿಸಿಕೊಂಡ ಮೇಲೆ, ಇದು ಗೋಡೆಯ ಬದಿಯಿಂದ ಸುತ್ತಿ ಬಂದು ಹಿಂಗಾಲುಗಳ ನಡುವೆ ತಲೆಯನ್ನು ತೂರಿಸಿತು. ಗೌರಿ ಕತ್ತನ್ನು ಹೊರಳಿಸಿ ತನ್ನ ಕರುವಿನ ಬಾಲವನ್ನು ನೆಕ್ಕುತ್ತಿತ್ತು. ಮನೆಯವರನ್ನೆಲ್ಲ ಸದ್ದುಮಾಡದಂತೆ ಕರೆದು ತೋರಿಸಿದೆವು. ಯಾರೂ ಕಲಿಸದ ಈ ವಿದ್ಯೆ ಬ್ರೆಜಿಲಿನ ಎಮ್ಮೆಗರುಗಳಿಗೂ ಗೊತ್ತೆಂದು ಆಗ ನಾವು ಅರಿತಿರಲಿಲ್ಲ.

ಈಗ ಅದಕ್ಕೆ ಒಂಬತ್ತು ತಿಂಗಳು, ಹುಲ್ಲು ಮೇಯುತ್ತದೆ. ಗೌರಿಯ ಎದುರಿಗೆ ಹಾಯಬೇಕಾದಾಗ ಇಂದಿಗೂ ಬದಿಗೆ ಸರಿದು ಹಿಂದಿನಿಂದಲೇ ಹೋಗುವುದು. ಹುಡುಗಿ ಅದಕ್ಕೆ ಕಳ್ಳಿಯೆಂದು ಹೆಸರಿಟ್ಟಿದ್ದಾಳೆ. ಗೋವಿಗೆ ಅಂಥ ಹೆಸರು ಕೂಡದೆಂದು ಮನೆಯ ಹಿರಿಯರು ಲಕ್ಷ್ಮಿಯೆಂದು ಕರೆಯುತ್ತಾರೆ. ಅದು ಓಗೊಡುವುದು ಮಾತ್ರ ಹುಡುಗಿಯ ಕೂಗಿಗೆ.